ಸತ್ತ ಜಾಗದ ಸುತ್ತ

ನನ್ನ ಹೃದಯದ ಒಂದು ಕಡೆಯ ಮಾಂಸ ಸತ್ತು ಎರಡು ವರ್ಷವಾಗಿತ್ತು. ನನಗೆ ಗೊತ್ತಿರಲಿಲ್ಲ. ಆ ಎರಡು ವರ್ಷವೂ ನಾನು ಹೊಸಪೇಟೆ–ಕಂಪ್ಲಿ ಬಸ್ಸಿನಲ್ಲಿ ಮುಂದಿನ ಬಾಗಿಲಿನಿಂದ ಹಿಂದಿನ ಸೀಟಿನವರೆಗೆ ಓಡಾಡುತ್ತಲೇ ಇದ್ದೆ.

ನನ್ನ ಹೆಸರು ಹುಲಿಗೆಮ್ಮ. ಬಸ್ ಕಂಡಕ್ಟರ್. ವಯಸ್ಸು ನಲವತ್ತೇಳು, ಮನೆ ಕಂಪ್ಲಿ ಹತ್ತಿರದ ಮೆಟ್ರಿಯಲ್ಲಿ. ಗಂಡ ವಿರುಪಾಕ್ಷಿ ಕಾಲುವೆ ನೀರಿನ ಮೇಲೆ ಭತ್ತ ಬೆಳೆಯುತ್ತಾರೆ. ಅತ್ತೆ ನಾಗಮ್ಮ ನಮ್ಮ ಜೊತೆ ಇದ್ದಾರೆ. ಮಗಳು ನೇತ್ರಾ ಕಂಪ್ಲಿಯಲ್ಲಿ ಡಿಗ್ರಿ ಓದುತ್ತಾಳೆ. ಇದನ್ನು ಬರೆಯಲು ನನ್ನನ್ನು ಕೂರಿಸಿದವಳು ಅವಳೇ. "ನಿನ್ನಂಗ ಹೆದರಿ ಕುಂತೋರು ಎಷ್ಟು ಮಂದಿ ಇರ್ತಾರವ್ವ, ಅವರು ಓದ್ಲಿ" ಅಂದಳು.

ಆ ಮಾಂಸ ಸತ್ತ ದಿನ ಯಾವುದೆಂದು ಈಗ ಹಿಂದೆ ತಿರುಗಿ ನೋಡಿದರೆ ಗೊತ್ತಾಗುತ್ತದೆ. ಬೇಸಿಗೆಯ ಒಂದು ಬೆಳಗ್ಗೆ. ಮದುವೆಗಳ ಕಾಲ, ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಕಮಲಾಪುರ ದಾಟುವಷ್ಟರಲ್ಲಿ ಕೆಳದವಡೆ ಹಿಡಿದುಕೊಂಡಿತು, ಬೆನ್ನಿನ ಮೇಲ್ಭಾಗದಲ್ಲಿ ಯಾರೋ ಮೊಣಕೈ ಊರಿದ ಹಾಗಾಯಿತು. ಮೈಯೆಲ್ಲ ತಣ್ಣನೆಯ ಬೆವರು. ಎದೆಯಲ್ಲಿ ಅಂಥ ನೋವೇನೂ ಇರಲಿಲ್ಲ. ಹಲ್ಲುನೋವು, ಮೇಲೆ ಗ್ಯಾಸು ಅಂದುಕೊಂಡೆ. ಕಂಪ್ಲಿಯಲ್ಲಿ ಇಳಿದು ಸೋಡಾ ಕುಡಿದೆ, ವಾಪಸ್ ಟ್ರಿಪ್ಪನ್ನೂ ಮಾಡಿದೆ. ಮರುದಿನ ರಜೆ ಹಾಕಿ ಮಲಗಿದೆ. ಅದರ ಮರುದಿನ ಮತ್ತೆ ಡ್ಯೂಟಿಗೆ ಹೋದೆ. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ವಯಸ್ಸಾಯಿತು ಅಂದುಕೊಂಡು ಸುಮ್ಮನಾದೆ.

ಎರಡು ವರ್ಷ ಕಳೆದ ಮೇಲೆ ಓಟ ಶುರುವಾಯಿತು.

ಮೊದಲ ಸಲ ಬಂದಾಗ ಕಮಲಾಪುರದ ಸಂತೆಯ ದಿನ. ಬಾಳೆಗೊನೆ, ಬುಟ್ಟಿ, ಕೋಳಿ ಎಲ್ಲ ಹತ್ತಿಸಿಕೊಂಡು ಬಾಗಿಲು ಹಾಕಿದೆ. ಇದ್ದಕ್ಕಿದ್ದ ಹಾಗೆ ಎದೆ ಓಡತೊಡಗಿತು. ಹೆದರಿದಾಗ ಹೊಡೆದುಕೊಳ್ಳುತ್ತದಲ್ಲ, ಅದಲ್ಲ. ಅದು ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಇದು ಒಂದೇ ಏಟಿಗೆ ಶುರುವಾಗಿ, ಲೆಕ್ಕಕ್ಕೆ ಸಿಗದಷ್ಟು ಜೋರಾಗಿ, ಕುತ್ತಿಗೆಯ ತನಕ ಬಡಿಯಿತು. ಕಣ್ಣ ಮುಂದೆ ಕತ್ತಲೆ ಕವಿದು ಬಾಗಿಲ ಪಕ್ಕದ ಮೆಟ್ಟಿಲ ಮೇಲೆ ಕುಸಿದು ಕೂತೆ. ಹತ್ತು ನಿಮಿಷಕ್ಕೆ, ಶುರುವಾದ ಹಾಗೆಯೇ, ಒಂದೇ ಏಟಿಗೆ ನಿಂತುಹೋಯಿತು.

ಮರುದಿನ ಗಂಡನ ಜೊತೆ ಒಬ್ಬ ವೈದ್ಯರಲ್ಲಿಗೆ ಹೋದೆ. ಅಷ್ಟರಲ್ಲಿ ಎಲ್ಲ ಸರಿಯಾಗಿತ್ತು. ಇಸಿಜಿ ತೆಗೆದರು. ಸಣ್ಣ ವ್ಯತ್ಯಾಸ ಇದೆ, ಹೆಂಗಸರಲ್ಲಿ ಹೀಗೆ ಬರುತ್ತದೆ ಎಂದರು. ಮುಟ್ಟು ನಿಲ್ಲುವ ವಯಸ್ಸು, ಟೆನ್ಶನ್ ಕಡಿಮೆ ಮಾಡಿ, ನಿದ್ದೆ ಮಾಡಿ ಎಂದು ಗುಳಿಗೆ ಬರೆದರು. ಅದೇ ತಿಂಗಳು ಇನ್ನೊಮ್ಮೆ ಬಂತು. ಮುಂದಿನ ತಿಂಗಳು ಮತ್ತೊಮ್ಮೆ. ಪ್ರತಿ ಸಲವೂ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂರುವ ಹೊತ್ತಿಗೆ ಎದೆ ಏನೂ ಅರಿಯದ ಕೂಸಿನ ಹಾಗೆ ತಣ್ಣಗಿರುತ್ತಿತ್ತು. ಅವರು ಕಾಗದ ನೋಡುತ್ತಿದ್ದರು, ನನ್ನ ಮುಖ ನೋಡುತ್ತಿದ್ದರು, ಗುಳಿಗೆಯ ಹೆಸರು ಬದಲಿಸುತ್ತಿದ್ದರು.

ಮೂರನೆಯ ಸಲ ಬೈಕಿನಲ್ಲಿ ಮನೆಗೆ ಬರುವಾಗ ವಿರುಪಾಕ್ಷಿ ಅಂದರು, "ಡಾಕ್ಟ್ರೇ ಏನೂ ಇಲ್ಲ ಅಂದ ಮ್ಯಾಲೆ ಏನೂ ಇಲ್ಲ. ನೀ ಅದನ್ನ ನೆನಸೋದು ಬಿಡು, ತಾನ ಹೋಗ್ತೈತಿ."

ಅವರು ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು. ಅತ್ತೆ ಹುಲಿಗಿಗೆ ಹೋಗಿ ಹುಲಿಗೆಮ್ಮ ದೇವಿಗೆ ಉಡಿ ತುಂಬಿ ಬರೋಣ ಅಂದರು, ಹೋಗಿ ಬಂದೆವು. ಕೊನೆಕೊನೆಗೆ ನನಗೇ ನನ್ನ ಮೇಲೆ ನಂಬಿಕೆ ಕಡಿಮೆಯಾಯಿತು. ಏನೂ ಇಲ್ಲದ್ದನ್ನು ನಾನೇ ಹುಟ್ಟಿಸಿಕೊಳ್ಳುತ್ತಿದ್ದೇನೇನೋ ಅನ್ನಿಸಿ, ಮನೆಯಲ್ಲಿ ಹೇಳುವುದನ್ನೇ ಬಿಟ್ಟೆ.

ಬಿಡದೆ ಹಿಡಿದವನು ಮಾರೆಪ್ಪ. ನಾಲ್ಕು ವರ್ಷದಿಂದ ನಮ್ಮ ಬಸ್ಸಿನ ಡ್ರೈವರ್ ಅವನು, ಸಂಡೂರಿನವನು. ಮಾತು ಕಡಿಮೆ. ಒಂದು ದಿನ ಹೊಸಪೇಟೆ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ಲೋಟ ಕೆಳಗಿಟ್ಟು ಹೇಳಿದ.

"ಯಕ್ಕಾ, ಮೊನ್ನೆ ನಿನಗ ಬಂದಾಗ ನಾ ಕನ್ನಡ್ಯಾಗ ನೋಡಿದೆ. ಮುಖ ಬೂದಿ ಬಳದಂಗ ಆಗಿತ್ತು. ಟೆನ್ಶನ್ ಮಾಡ್ಕೊಂಡೋರ ಮುಖ ಹಂಗ ಆಗಂಗಿಲ್ಲ."

"ಎಲ್ಲಾ ತೋರಸೀನೋ. ಏನೂ ಇಲ್ಲ ಅಂತಾರ."

"ನಿಂತ ಮ್ಯಾಲೆ ತೋರಸೀದಿ. ಓಡೋವಾಗ ತೋರಸಬೇಕು. ಗಾಡಿ ಸದ್ದು ಮಾಡಾಕತ್ತಾಗ ಮೆಕ್ಯಾನಿಕ್ ಕೇಳಬೇಕಲ್ಲ? ಶೆಡ್ಡಿಗೆ ಹೋದ ಮ್ಯಾಲೆ ಸುಮ್ಮಗಾದ್ರ ಅವನರೆ ಏನ್ ಹೇಳ್ತಾನ? ಇನ್ನೊಮ್ಮೆ ಬಂದ್ರ ಸೀಟಿ ಹೊಡಿ. ನಾ ನೋಡ್ಕೊಂತೀನಿ."

ಹದಿನೈದು ದಿನಕ್ಕೆ ಬಂತು. ಹೊಸಪೇಟೆ ಬಿಟ್ಟು ಕಮಲಾಪುರ ಇನ್ನೂ ಎರಡು ಮೈಲಿ ಇರುವಾಗ. ಸೀಟಿ ಹೊಡೆಯಲು ಉಸಿರು ಸಾಲಲಿಲ್ಲ. ಕಂಬಿಗೆ ಟಿಕೆಟ್ ಮಷೀನು ಬಡಿದೆ. ಮಾರೆಪ್ಪ ಕನ್ನಡಿಯಲ್ಲಿ ಒಮ್ಮೆ ನೋಡಿದ, ಅಷ್ಟೇ. ಆಮೇಲೆ ಬಸ್ಸು ಯಾವ ಸ್ಟಾಪಿನಲ್ಲೂ ನಿಲ್ಲಲಿಲ್ಲ. ಇಳಿಯಬೇಕಾದವರು ಕೂಗಿದರು. ಯಾವುದೋ ಊರಿನ ಅಜ್ಜಿಯೊಬ್ಬಳು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸೆರಗಿನಿಂದ ಗಾಳಿ ಹಾಕುತ್ತಾ, "ಕೂಗಬ್ಯಾಡ್ರಿ ಸುಮ್ಮನಿರ್ರಿ, ನಿಮ್ಮ ಮನಿ ಎಲ್ಲೂ ಓಡಿ ಹೋಗಂಗಿಲ್ಲ" ಅಂದದ್ದು ಕೇಳಿಸಿತು. ಅವಳ ಮುಖ ನನಗೆ ನೆನಪಿಲ್ಲ. ಸೀರೆಗೆ ಹತ್ತಿದ್ದ ಹೊಗೆಯ ವಾಸನೆ ನೆನಪಿದೆ.

ಮಾರೆಪ್ಪ ಬಸ್ಸನ್ನು ನೇರ ಕಮಲಾಪುರದ ಆಸ್ಪತ್ರೆಯ ಅಂಗಳಕ್ಕೇ ತಂದು ನಿಲ್ಲಿಸಿದ. ಇಬ್ಬರು ಹೆಂಗಸರು ನನ್ನನ್ನು ಎತ್ತಿ ಒಳಗೆ ತಂದರು. ಅಲ್ಲಿನ ನರ್ಸ್ ಶಶಿಕಲಾ ಹೆಸರು ಕೇಳಲಿಲ್ಲ, ಚೀಟಿ ಕೇಳಲಿಲ್ಲ. ಕುಪ್ಪಸದ ಗುಂಡಿ ಬಿಚ್ಚಿ ಎದೆಗೆ ತಂತಿ ಹಚ್ಚಿದರು. ಮಷೀನಿನಿಂದ ಕಾಗದ ಬರತೊಡಗಿತು. ಎದೆ ಇನ್ನೂ ಓಡುತ್ತಲೇ ಇತ್ತು. ಜೀವನದಲ್ಲಿ ಮೊದಲ ಸಲ ನಾನು ಮನಸ್ಸಿನಲ್ಲೇ ಅದಕ್ಕೆ ಹೇಳಿದೆ, ನಿಲ್ಲಬೇಡ, ಇನ್ನೊಂದು ಸ್ವಲ್ಪ ಓಡು, ಇವರು ನೋಡಲಿ.

ಕಾಗದ ನೋಡಿದ ವೈದ್ಯರ ಮುಖ ಬದಲಾಯಿತು. ಅವರು ಆ್ಯಂಬುಲೆನ್ಸ್ ಅಂದದ್ದೊಂದೇ ನನಗೆ ಕೇಳಿಸಿದ್ದು. ಹೊಸಪೇಟೆಯ ಆಸ್ಪತ್ರೆಗೆ ತಲುಪುವಾಗ ಬಿ.ಪಿ. ಬೀಳುತ್ತಿತ್ತಂತೆ. ಮಂಪರು ಬರುವ ಸೂಜಿ ಕೊಟ್ಟು, ಎದೆಗೆ ಕರೆಂಟ್ ಕೊಟ್ಟು ಓಟ ನಿಲ್ಲಿಸಿದರು. ಎಚ್ಚರವಾದಾಗ ನನ್ನ ಮುಷ್ಟಿಯಲ್ಲಿ ಆ ಕಾಗದ ಇತ್ತು. ಆ್ಯಂಬುಲೆನ್ಸ್ ಹತ್ತಿಸುವಾಗ ಶಶಿಕಲಾ ಅದನ್ನು ಕೈಯೊಳಗೆ ತುರುಕಿ ಹೇಳಿದ್ದು ಆಗ ನೆನಪಾಯಿತು. "ಇದನ್ನ ಕಳಕೋಬ್ಯಾಡ್ರಿ. ಈ ಕಾಗದದ ಮ್ಯಾಲಿನ ಗೀಟು ಅಳಸಿ ಹೋಗ್ತಾವ, ಮೊದಲು ಝೆರಾಕ್ಸ್ ಮಾಡಸ್ರಿ."

ಇವತ್ತಿಗೂ ನಾನು ಮೊದಲು ಕೃತಜ್ಞತೆ ಹೇಳುವುದು ಆ ಮಾತಿಗೆ. ಮೂರು ಸಲ ಬರೀ ನನ್ನ ಬಾಯಿಮಾತು ಇತ್ತು, ಯಾರೂ ನಂಬಿರಲಿಲ್ಲ. ಈಗ ಕೈಯಲ್ಲಿ ಗೇಣುದ್ದದ ಕಾಗದ ಇತ್ತು. ಮುಂದೆ ಯಾವ ವೈದ್ಯರೂ ಅದನ್ನು ನೋಡಿದ ಮೇಲೆ ಟೆನ್ಶನ್ ಅನ್ನಲಿಲ್ಲ.

ಟ್ರಿಪ್ ತಪ್ಪಿಸಿದ್ದಕ್ಕೆ ಡಿಪೋದಲ್ಲಿ ಮಾರೆಪ್ಪನಿಂದ ವಿವರಣೆ ಬರೆಸಿಕೊಂಡರು. ಅವನು ಒಂದೇ ಸಾಲು ಬರೆದನಂತೆ, "ಕಂಡಕ್ಟರ್ ಸಾಯುತ್ತಿದ್ದರು, ಆದ್ದರಿಂದ ಆಸ್ಪತ್ರೆಗೆ ಹೋದೆ." ಸಾಹೇಬರು ಓದಿ ಫೈಲಿಗೆ ಹಾಕಿ ಕಳಿಸಿದರು.

ಹೊಸಪೇಟೆಯ ವೈದ್ಯರು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿನ ಕಾಯುವ ಕೋಣೆ ನಮ್ಮ ಬಸ್ಟ್ಯಾಂಡಿನಷ್ಟು ದೊಡ್ಡದು. ಕುರ್ಚಿ ಸಿಕ್ಕವರು ಎದ್ದರೆ ಹೋಯಿತೆಂದು ಏಳುತ್ತಿರಲಿಲ್ಲ. ಒಂದೊಂದು ಪರೀಕ್ಷೆಗೂ ಒಂದೊಂದು ಬಾಗಿಲು. ವಿರುಪಾಕ್ಷಿ ಮೊದಲ ದಿನ ಹಣ್ಣಿನ ಚೀಲ ಹಿಡಿದು ನಿಂತೇ ಇದ್ದರು. ಪಕ್ಕದಲ್ಲಿದ್ದ ಕೋಲಾರದ ಕಡೆಯ ಹೆಂಗಸೊಬ್ಬಳು, ಅವಳ ಗಂಡನಿಗೆ ಆಪರೇಷನ್ ಆಗುವುದಿತ್ತು, ಸರಿದು ಅವರಿಗೂ ಅರ್ಧ ಕುರ್ಚಿ ಕೊಟ್ಟಳು. ಮೂರು ದಿನ ನಾವು ಅವಳ ಜೊತೆಗೇ ಊಟ ಮಾಡಿದೆವು. ಅಂಥ ಜಾಗದಲ್ಲಿ ನೆಂಟಸ್ತಿಕೆ ಬೇಗ ಬೆಳೆಯುತ್ತದೆ.

ಎಲ್ಲ ಪರೀಕ್ಷೆ ಮುಗಿದ ಮೇಲೆ ವೈದ್ಯರು ಇಬ್ಬರನ್ನೂ ಒಳಗೆ ಕರೆದರು. ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವಸರ ಮಾಡಲಿಲ್ಲ.

"ನಿಮಗೆ ಯಾವಾಗಲೋ ಹಾರ್ಟ್ ಅಟ್ಯಾಕ್ ಆಗಿದೆ. ಬಲಗಡೆಯ ರಕ್ತನಾಳ ಪೂರ್ತಿ ಮುಚ್ಚಿಹೋಗಿದೆ, ಹಳೆಯದು. ಆಗ ಹೃದಯದ ಕೆಳಗಿನ ಭಾಗದ ಸ್ವಲ್ಪ ಮಾಂಸ ಸತ್ತಿದೆ. ದವಡೆ, ಬೆನ್ನು ನೋವು, ಬೆವರು ಏನಾದರೂ ಬಂದಿತ್ತಾ?"

ಸೋಡಾ ಕುಡಿದ ದಿನ ನೆನಪಾಯಿತು. ಎರಡು ವರ್ಷದ ಹಿಂದೆ ಬಂದಿತ್ತು ಅಂದೆ.

"ಸತ್ತದ್ದು ಎರಡು ವರ್ಷ ಸುಮ್ಮನಿದ್ದು, ಈಗ ಯಾಕ ಹಿಂಗ ಮಾಡ್ತೈತ್ರಿ?" ವಿರುಪಾಕ್ಷಿ ಕೇಳಿದರು.

ವೈದ್ಯರು ಚೀಟಿಯ ಹಿಂದೆ ಒಂದು ಗುಂಡಗಿನ ಗೀಟು ಎಳೆದರು. "ಸತ್ತ ಭಾಗ ತಾನಾಗಿ ಏನೂ ಮಾಡಲ್ಲ. ಅದರ ಮೂಲಕ ಕರೆಂಟ್ ಹರಿಯಲ್ಲ, ಅಷ್ಟೇ. ಆದರೆ ಅದರ ಅಂಚಿನಲ್ಲಿ ಅಲ್ಲಲ್ಲಿ ಜೀವ ಇರುವ ಎಳೆಗಳು ಉಳಿದಿರುತ್ತವೆ. ಅವುಗಳೊಳಗೆ ಕರೆಂಟ್ ನಿಧಾನವಾಗಿ ಹೋಗುತ್ತೆ. ಅದು ಸುತ್ತು ಹಾಕಿ ಹೊರಗೆ ಬರೋ ಹೊತ್ತಿಗೆ ಪಕ್ಕದ ಒಳ್ಳೆಯ ಮಾಂಸ ಮತ್ತೆ ಬಡಿಯೋಕೆ ಸಿದ್ಧವಾಗಿರುತ್ತೆ. ಅದನ್ನು ಬಡಿಸುತ್ತೆ. ಮತ್ತೆ ಸುತ್ತುತ್ತೆ, ಮತ್ತೆ ಬಡಿಸುತ್ತೆ. ಒಳ್ಳೆಯ ಮಾಂಸಕ್ಕೆ ಬಿಡುವೇ ಇಲ್ಲ."

ವಿರುಪಾಕ್ಷಿ ಆ ಗೀಟನ್ನೇ ನೋಡುತ್ತಿದ್ದರು. "ಗದ್ದ್ಯಾಗ ಬಂಡೆಗಲ್ಲು ಇದ್ದಂಗ," ಅಂದರು. "ನೀರು ಕಲ್ಲೊಳಗ ಹೋಗಂಗಿಲ್ಲ. ಬಳಸಿಕೊಂಡು ಬಂದು ಒಂದೇ ಮಡಿಗೆ ಮತ್ತ ಮತ್ತ ನುಗ್ಗತೈತಿ."

"ಹೆಚ್ಚುಕಡಿಮೆ ಹಾಗೇ," ಅಂದರು ವೈದ್ಯರು.

ಹೊರಗೆ ಬಂದು ವಿರುಪಾಕ್ಷಿ ಚೀಲದಿಂದ ಒಂದು ಮೋಸಂಬಿ ತೆಗೆದರು. ಸಿಪ್ಪೆ ಸುಲಿದು, ತೊಳೆಯ ಮೇಲಿನ ಬಿಳಿ ನಾರನ್ನೆಲ್ಲ ಒಂದೊಂದಾಗಿ ಬಿಡಿಸಿ ನನ್ನ ಅಂಗೈಯಲ್ಲಿ ಇಡುತ್ತಾ ಹೋದರು. ಕೊನೆಯ ತೊಳೆ ಇಟ್ಟು, "ನೆನಸೋದು ಬಿಡು ಅಂದಿದ್ನಲ್ಲ ನಾ" ಅಂದರು. ನನ್ನ ಕಡೆ ನೋಡಲಿಲ್ಲ. ನಾನು ಎರಡು ತೊಳೆ ಅವರ ಕೈಗೆ ವಾಪಸ್ ಇಟ್ಟೆ. ಆ ಮಾತನ್ನು ಅಲ್ಲಿಗೇ ಬಿಟ್ಟೆವು. ಮದುವೆಯಾಗಿ ಇಪ್ಪತ್ತಮೂರು ವರ್ಷದಲ್ಲಿ ಅವರು ಕ್ಷಮೆ ಕೇಳಿದ್ದು ಅದೊಂದೇ ಸಲ. ಅಷ್ಟು ಸಾಕು.

ಎಡಗಡೆ ಕೊರಳೆಲುಬಿನ ಕೆಳಗೆ, ಚರ್ಮದ ಒಳಗೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಯಂತ್ರ ಕೂರಿಸಿದರು. ಅದರ ತಂತಿ ಹೃದಯದೊಳಗೆ ಇಳಿದಿದೆ. ಎದೆ ಓಡಿದರೆ ಅದೇ ಗುರುತಿಸಿ ನಿಲ್ಲಿಸುತ್ತದೆ, ಬೇಕಾದರೆ ಒಳಗಿನಿಂದಲೇ ಶಾಕ್ ಕೊಡುತ್ತದೆ. ಒಂದೂವರೆ ತಿಂಗಳು ಎಡಗೈಯನ್ನು ಹೆಗಲಿಗಿಂತ ಮೇಲೆ ಎತ್ತಬಾರದು ಅಂದರು.

ಮನೆಗೆ ಬಂದ ಮೇಲೆ ಅತ್ತೆ ನನ್ನನ್ನು ನೀರಿನ ಹತ್ತಿರ ಬಿಡಲಿಲ್ಲ. "ಮೈಯಾಗ ಕರೆಂಟ್ ಇಟ್ಕೊಂಡು ಪಾತ್ರಿ ತೊಳಿತಾಳಂತ. ಸುಮ್ನ ಕುಂದ್ರು" ಅಂದರು. ಎಷ್ಟು ತಿಳಿಹೇಳಿದರೂ ಅವರು ನನ್ನ ತಟ್ಟೆಯನ್ನು ಮರದ ಮಣೆಯ ಮೇಲಿಟ್ಟು ದೂರದಿಂದ ತಳ್ಳುತ್ತಿದ್ದರು. ನೇತ್ರಾ ನಕ್ಕು ನಕ್ಕು ಸುಸ್ತಾಗುತ್ತಿದ್ದಳು. ಆದರೆ ನನ್ನ ತಲೆ ಬಾಚಲು ಯಾರಾದರೂ ಬೇಕಿತ್ತು. ನೇತ್ರಾ ಕಾಲೇಜಿಗೆ ಹೋದ ಮೇಲೆ ಅತ್ತೆ ಒಂದು ದಿನ ಬಾಗಿಲಲ್ಲಿ ನಿಂತು ನನ್ನ ಕೆದರಿದ ಕೂದಲು ನೋಡಿದರು. ಸೊಸೆಯಾಗಿ ಬಂದಾಗಿನಿಂದ ಅವರು ನನ್ನ ತಲೆ ಮುಟ್ಟಿದವರಲ್ಲ. ಹಣಿಗೆ ತಂದು ಹಿಂದೆ ಕೂತರು. ಮೊದಲು ಬೆರಳ ತುದಿಯಿಂದ, ಆಮೇಲೆ ಅಂಗೈ ತುಂಬ ಎಣ್ಣೆ ಹಾಕಿ ಜಡೆ ಹೆಣೆದರು.

ಐದು ತಿಂಗಳು ಏನೂ ಆಗಲಿಲ್ಲ. ಒಂದು ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಎದೆ ಓಡಿತು. ಎತ್ತು ಒಳಗಿನಿಂದ ಒದ್ದ ಹಾಗೆ ಒಂದು ಏಟು ಬಿತ್ತು. ನಾನು ಕಿರುಚಿದ್ದು ಪಕ್ಕದ ಓಣಿಗೆ ಕೇಳಿಸಿತಂತೆ. ಅತ್ತೆ ಓಡಿ ಬಂದು ನನ್ನ ತೋಳು ಹಿಡಿದರು. ಅಷ್ಟರಲ್ಲಿ ಇನ್ನೊಂದು ಏಟು ಬಿತ್ತು. ಅವರ ಕೈಗೂ ಜುಮ್ಮೆಂದಿತಂತೆ. ಬಿಡಲಿಲ್ಲ. ಇನ್ನೂ ಗಟ್ಟಿಯಾಗಿ ಹಿಡಿದರು. ಮುಟ್ಟಿದವರಿಗೆ ಅದರಿಂದ ಅಪಾಯ ಇಲ್ಲವೆಂದು ಆಮೇಲೆ ವೈದ್ಯರು ಹೇಳಿದರು. ಅತ್ತೆಗೆ ಆ ಹೊತ್ತಿನಲ್ಲಿ ಅದು ಗೊತ್ತಿರಲಿಲ್ಲ. ಜೀವ ಹೋಗುತ್ತದೆ ಎಂದೇ ತಿಳಿದು ಹಿಡಿದಿದ್ದರು.

ರೋಗಕ್ಕಿಂತ ಆಮೇಲಿನ ಹೆದರಿಕೆ ದೊಡ್ಡದು. ಅದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಟ್ಟೆ ಒಣಹಾಕಲು ಹೆದರಿದೆ. ಹಿತ್ತಲಿಗೆ ಹೋಗಲು ಹೆದರಿದೆ. ಜೋರಾಗಿ ನಗಲು ಹೆದರಿದೆ. ಸ್ನಾನಕ್ಕೆ ಹೋಗಿ ಬಾಗಿಲು ಹಾಕಿಕೊಂಡರೆ ಒಳಗೇ ಬಿದ್ದುಬಿಡುತ್ತೇನೆ ಅನ್ನಿಸಿ ಮೂರು ದಿನ ಸ್ನಾನವೇ ಮಾಡಲಿಲ್ಲ. ನಾಲ್ಕನೆಯ ದಿನ ನೇತ್ರಾ ಬಚ್ಚಲ ಬಾಗಿಲ ಹೊರಗೆ ಮಣೆ ಹಾಕಿಕೊಂಡು ಕೂತಳು.

"ಅವ್ವಾ, ನನಗ ಪರೀಕ್ಷೆ ಐತಿ. ನಾ ಇಲ್ಲೇ ಕುಂತು ಓದ್ತೀನಿ. ನೀ ಕೇಳಿಸ್ಕೊಂತ ಹ್ಞೂಂ ಅನ್ನಬೇಕು. ಹ್ಞೂಂ ನಿಂತ್ರ ನಾ ಒಳಗ ಬರ್ತೀನಿ."

ಹಾಗೆ ಎರಡು ತಿಂಗಳು ನಾನು ಫ್ರಾನ್ಸಿನ ಇತಿಹಾಸ ಕೇಳುತ್ತಾ ಸ್ನಾನ ಮಾಡಿದೆ. ರಾಜನ ತಲೆ ಹೋಗುವಷ್ಟರಲ್ಲಿ ನನ್ನ ತಲೆಗೆ ನೀರಾಗಿರುತ್ತಿತ್ತು. ಒಂದು ದಿನ ನನಗೇ ತಿಳಿಯದ ಹಾಗೆ ಹ್ಞೂಂ ಬಿಟ್ಟು, "ಮತ್ತ ಆ ರಾಣಿ ಏನಾದ್ಲು?" ಅಂತ ಕೇಳಿದೆ. ನೇತ್ರಾ ಪುಸ್ತಕ ಮುಚ್ಚಿ ಅತ್ತುಬಿಟ್ಟಳು.

ಯಂತ್ರ ಓಟವನ್ನು ನಿಲ್ಲಿಸುತ್ತದೆ, ಬರದ ಹಾಗೆ ಮಾಡುವುದಿಲ್ಲ. ಅದಕ್ಕಾಗಿ ಮತ್ತೆ ಬೆಂಗಳೂರಿಗೆ ಹೋದೆವು. ತೊಡೆಸಂದಿನ ರಕ್ತನಾಳದಿಂದ ತಂತಿ ಏರಿಸಿ, ಕರೆಂಟ್ ಸುತ್ತುವ ದಾರಿ ಹುಡುಕಿ, ಅಲ್ಲಿ ಸುಡುತ್ತಾರೆ. ಐದು ತಾಸು ಹಿಡಿಯಿತು. ಹೊರಗೆ ವಿರುಪಾಕ್ಷಿ ಒಂದು ಹನಿ ನೀರು ಕುಡಿಯಲಿಲ್ಲವೆಂದು ನೇತ್ರಾ ಹೇಳಿದಳು.

ಮರುದಿನ ವೈದ್ಯರು ಕಂಪ್ಯೂಟರಿನಲ್ಲಿ ನನ್ನ ಹೃದಯದ ಚಿತ್ರ ತೋರಿಸಿದರು. ಸತ್ತ ಜಾಗ ಕೆಂಪು, ಅದರ ಸುತ್ತ ಹಳದಿ, ಹಸಿರಿನ ಅಂಚು. ಆ ಅಂಚಿನಲ್ಲಿ ಚುಕ್ಕೆ ಇಟ್ಟ ಹಾಗೆ, ಸುಟ್ಟ ಗುರುತುಗಳು. "ಇಲ್ಲೊಂದು ಸಣ್ಣ ಓಣಿ ಇತ್ತು, ಅದನ್ನು ಮುಚ್ಚಿದ್ದೇವೆ" ಅಂದರು.

ನಾನು ಬೇರೆ ಏನನ್ನೋ ನೋಡುತ್ತಿದ್ದೆ. "ಈ ನೇರಳೆ ಬಣ್ಣದ್ದು ಏನ್ರಿ?"

"ಅದು ಆರೋಗ್ಯವಾಗಿರೋ ಮಾಂಸ."

ಚಿತ್ರದ ಮುಕ್ಕಾಲು ಪಾಲು ನೇರಳೆ. ನೇರಳೆಹಣ್ಣಿನ ಹಾಗೆ ತುಂಬಿಕೊಂಡಿತ್ತು. ಇಷ್ಟು ತಿಂಗಳಿಂದ ನಾನು ಸತ್ತ ಜಾಗದ ಬಗ್ಗೆ ಮಾತ್ರ ಕೇಳಿದ್ದೆ, ಅದನ್ನೇ ನೆನೆದು ಮಲಗಿದ್ದೆ. ಇಷ್ಟೊಂದು ಬದುಕಿದೆ ಎಂದು ಯಾರೂ ತೋರಿಸಿರಲಿಲ್ಲ. ಆ ಸತ್ತದ್ದರ ಪಕ್ಕದಲ್ಲೇ ಇದ್ದುಕೊಂಡು, ಅದು ದಾರಿ ತಪ್ಪಿಸಿದಾಗಲೆಲ್ಲ ತಪ್ಪಿ, ಮತ್ತೆ ಸರಿಹೋಗಿ, ಇದೇ ನನ್ನನ್ನು ಇಲ್ಲಿಯ ತನಕ ನಡೆಸಿಕೊಂಡು ಬಂದಿತ್ತು. ವೈದ್ಯರಿಗೆ ಕೈಮುಗಿದೆ. ಆ ಚಿತ್ರಕ್ಕೂ ಮುಗಿದೆ ಅಂತ ನೇತ್ರಾ ಈಗಲೂ ಛೇಡಿಸುತ್ತಾಳೆ.

ಒಂದು ವರ್ಷವಾಯಿತು, ಶಾಕ್ ಹೊಡೆದಿಲ್ಲ. ಮತ್ತೆ ಬರಲಿಕ್ಕಿಲ್ಲ ಎಂದು ಯಾರೂ ಬರೆದು ಕೊಟ್ಟಿಲ್ಲ. ದಿನಾ ಗುಳಿಗೆ ನುಂಗುತ್ತೇನೆ. ಈಗ ನನಗೆ ಬಸ್ಸಿನ ಕೆಲಸ ಇಲ್ಲ, ಹೊಸಪೇಟೆ ಸ್ಟ್ಯಾಂಡಿನಲ್ಲಿ ಪಾಸ್ ಕೊಡುವ ಕೌಂಟರಿನಲ್ಲಿ ಕೂರುತ್ತೇನೆ. ಮೊದಮೊದಲು ಕಂಪ್ಲಿ ಬಸ್ಸು ಹೊರಟಾಗ ತಲೆ ತಗ್ಗಿಸಿ ಪಾಸಿನ ಕಾಗದ ಎಣಿಸುತ್ತಿದ್ದೆ. ಮಾರೆಪ್ಪ ಹೋಗುವಾಗಲೊಮ್ಮೆ ಬರುವಾಗಲೊಮ್ಮೆ ಹಾರ್ನ್ ಹೊಡೆಯುತ್ತಾನೆ. ನಾನು ತಲೆ ಎತ್ತುವ ತನಕ ಹೊಡೆಯುತ್ತಾನೆ.

ಆರು ತಿಂಗಳಿಗೊಮ್ಮೆ ಯಂತ್ರದ ತಪಾಸಣೆಗೆ ಬಳ್ಳಾರಿಗೆ ಹೋಗುತ್ತೇನೆ. ಕಳೆದ ಸಲ ಕಾಯುವ ಬೆಂಚಿನಲ್ಲಿ ನನ್ನ ಪಕ್ಕ ಗಂಡ ಹೆಂಡತಿ ಇಬ್ಬರು ಕೂತಿದ್ದರು. ಯಶವಂತನಗರದವರು. ಅವನ ಹೆಸರು ತಿಪ್ಪೇಸ್ವಾಮಿ, ಗಣಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದವನು. ನಲವತ್ತೂ ಆಗಿರಲಿಲ್ಲ. ಅವನಿಗೂ ಹಳೆಯ ಅಟ್ಯಾಕಿನ ಕಲೆ, ಅವನಿಗೂ ಓಟ. ಯಂತ್ರ ಹಾಕಿಸಬೇಕು ಎಂದಿದ್ದರು. ಒಪ್ಪಿಗೆ ಕೊಡಲು ಮನಸ್ಸಿಲ್ಲದೆ ಎರಡು ಸಲ ಎದ್ದು ಹೋಗಿದ್ದಾನೆಂದು ಅವನ ಹೆಂಡತಿ ಹೇಳಿದಳು. ನಾನು ಸೆರಗು ಸರಿಸಿ ಹೆಗಲ ಕೆಳಗಿನ ಉಬ್ಬು ತೋರಿಸಿದೆ. ಅವಳು ಒಂದು ಬೆರಳಿನಿಂದ ಮುಟ್ಟಿ ನೋಡಿದಳು. ಅವನು ಮುಟ್ಟಲಿಲ್ಲ.

"ಟಿಪ್ಪರ್ ಓಡಸಬೌದೇನ್ರಿ ಆಮ್ಯಾಲೆ?" ಅಂದ.

"ದೊಡ್ಡ ಗಾಡಿ ಬ್ಯಾಡ ಅಂತಾರಪ್ಪ. ಅದನ್ನ ಡಾಕ್ಟ್ರನ್ನೇ ಕೇಳು. ನನಗೂ ಬಸ್ಸು ಹೋತು."

ಅವನು ಒಂದು ಸಲ ಹೊರಬಾಗಿಲ ಕಡೆ ನೋಡಿದ. ಆಮೇಲೆ ಹೆಂಡತಿಗೆ ಕೇಳಿಸದ ಹಾಗೆ ನನ್ನ ಕಡೆ ಬಾಗಿದ. ಅವಳಿಗೆ ಕೇಳಿಸಿತು.

"ಯಕ್ಕಾ, ಖರೇ ಹೇಳ್ರಿ. ಅದು ಹೊಡದಾಗ ನೋವಾಗ್ತೈತೇನು?"

ಅವನ ಬೆನ್ನ ಹಿಂದಿನಿಂದ ಅವಳು ನನ್ನನ್ನೇ ನೋಡುತ್ತಿದ್ದಳು. ಇಲ್ಲ ಅನ್ನಿ ಎಂದು ಅವಳ ಕಣ್ಣು ಬೇಡುತ್ತಿತ್ತು. ನನಗೆ ಹೇಳಿದವರೆಲ್ಲ ಸ್ವಲ್ಪ ತಳ್ಳಿದ ಹಾಗಾಗುತ್ತದೆ ಅಷ್ಟೇ ಎಂದಿದ್ದರು. ಹಾಗೆ ಹೇಳಿದ್ದರಿಂದಲೇ, ಏಟು ಬಿದ್ದ ದಿನ, ನಾನು ಸಾಯುತ್ತಿದ್ದೇನೆ ಎಂದು ತಿಳಿದಿದ್ದೆ.

"ಆಗ್ತೈತಿ," ಅಂದೆ. "ಭಾಳ ಆಗ್ತೈತಿ. ಆದ್ರ ತಮ್ಮಾ, ನೋವಾತು ಅಂತ ಹೇಳಾಕ ಆಮ್ಯಾಲೆ ನೀ ಇರ್ತಿ."

ಅವನು ನನ್ನ ಮುಖವನ್ನೇ ನೋಡಿದ. ಒಳಗಿನಿಂದ ಅವನ ಹೆಸರು ಕೂಗಿದರು. ಅವನ ಹೆಂಡತಿ ಫೈಲು ಹಿಡಿದು ಏಳಹೋದಳು. ಅವನು ಅದನ್ನು ಅವಳ ಕೈಯಿಂದ ತಾನೇ ಇಸಿದುಕೊಂಡು, ಅವಳಿಗಿಂತ ಮುಂದೆ ಒಳಗೆ ಹೋದ.